ಕೂಗಳತೆಯ ದೂರ

ಹಳಗನ್ನಡದಲ್ಲಿ 'ಪುಯ್ಯಲ್' ಎಂಬುದೊಂದು ಶಬ್ದವುಂಟು. ಆಪತ್ತಿಗೆ ಸಿಕ್ಕಿದವರು ನೆರವನ್ನು ಬಯಸಿ ಇಡುವ ಮೊರೆ ಎಂದು ಅದರ ಅರ್ಥ. ವೀರಗಲ್ಲುಗಳ ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ. ತುರುಗೋಳಿನಲ್ಲಿ ಮಡಿದವರು, ಊರಳಿವಿನಲ್ಲಿ ಮಡಿದವರು ಇರುವಂತೆಯೇ 'ಪೆಣ್ಬುಯ್ಯಲ್'ನಲ್ಲಿ ಮಡಿದ ವೀರರೂ ಅಲ್ಲಿದ್ದಾರೆ. ಹೆಣ್ಣಿನ ಮೊರೆ ಕಿವಿಗೆ ಬಿದ್ದೊಡನೆ ಎದ್ದು ಓಡಿ, ಆಕೆಯನ್ನು ಕಾಯುವ ಕಾರ್ಯದಲ್ಲಿ ಪ್ರಾಣ ತೆತ್ತವರು ಅವರು. ಮುಂದೆ ಪಕಾರವು ಹಕಾರವಾಗಿ ಪುಯ್ಯಲ್ ಎಂಬುದು ಹುಯ್ಯಲು, ಹುಯಿಲು ಎಂದಾಯಿತು. ಇಂದು ನಾವು 'ಹುಯಿಲೆಬ್ಬಿಸಿದರು' ಎಂದರೆ ಸಣ್ಣದಕ್ಕೆ ದೊಡ್ಡ ಗದ್ದಲ ಮಾಡಿದರು ಎಂದೇ ಹೆಚ್ಚಾಗಿ ತಿಳಿಯುತ್ತೇವೆ. ಮೊರೆಗೆ ಇದ್ದ ಶಬ್ದವು ಗದ್ದಲಕ್ಕೆ ಸಲ್ಲುವಂತಾದುದನ್ನು ತರಗತಿಯಲ್ಲಿ ಅರ್ಥವ್ಯತ್ಯಾಸಕ್ಕೆ ಉದಾಹರಣೆಯಾಗಿ ಹೇಳುವಾಗಲೆಲ್ಲ ನನ್ನ ಮನಸ್ಸಿಗೆ ಅಷ್ಟು ಸಮಾಧಾನವಿರುವುದಿಲ್ಲ.

ಈ ಶಬ್ದವನ್ನು ನೆನೆಯಲು ಕಾರಣ, ಈಚೆಗೆ ನಮ್ಮ ವಿದ್ಯಾರ್ಥಿನಿಯರ ಕೈಚೀಲಗಳಲ್ಲಿ ತೂಗಾಡುತ್ತಿರುವ ಒಂದು ಪುಟ್ಟ ಯಂತ್ರ. ಬೀಗದ ಕೈಗೊಂಚಲಿಗೆ ಸಿಕ್ಕಿಸಬಹುದಾದಷ್ಟು ಚಿಕ್ಕದು. ಅದರ ಪಿನ್ನನ್ನು ಎಳೆದರೆ ಒಳಗಿನ ಮಂಡಲ ಕೂಡಿಕೊಂಡು, ಬೊತ್ತಾಮಿನಂಥ ಬ್ಯಾಟರಿಗಳಿಂದ ವಿದ್ಯುತ್ತು ಹರಿದು, ಒಂದು ತೆಳುವಾದ ಬಿಲ್ಲೆ ನಡುಗಿ ಕಿವಿ ಬಿರಿಯುವಂತೆ ಕಿರುಚುತ್ತದೆ. ಪಿನ್ನನ್ನು ಮರಳಿ ಸೇರಿಸುವವರೆಗೆ ಕಿರುಚುತ್ತಲೇ ಇರುತ್ತದೆ. ಕೆಲವು ಹರಳುಗಳಿಗೂ ವಿದ್ಯುತ್ತಿಗೂ ಇರುವ ಇಂಥ ಸಂಬಂಧವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಆ ವಿದ್ಯೆಯು ಹೀಗೆ ಮಣಿಪಾಲದ ರಸ್ತೆಯಲ್ಲಿ ರಾತ್ರಿ ನಡೆಯುವ ಹುಡುಗಿಯ ಮುಷ್ಟಿಯೊಳಗೆ ಬಂದು ಕುಳಿತೀತೆಂದು ಅವರು ಎಣಿಸಿರಲಾರರು.

ಮಣಿಪಾಲದ ಹೆಸರನ್ನು ಸುಮ್ಮನೆ ಹೇಳಲಿಲ್ಲ. 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಬೆಳೆಯುತ್ತ ಬಂದ ಆ ಊರು ದೇಶವಿದೇಶಗಳ ವಿದ್ಯಾರ್ಥಿಗಳಿಗೆ ಮನೆಯಾಗಿದೆ. ಅಲ್ಲಿ ನಡುರಾತ್ರಿಯಲ್ಲೂ ದೀಪಗಳು ಆರುವುದಿಲ್ಲ. ಹಾಗಿದ್ದೂ 2013ರ ಜೂನ್ ತಿಂಗಳಿನಲ್ಲಿ ಅಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯನ್ನು ರಾತ್ರಿ ಅಪಹರಿಸಿ ಅತ್ಯಾಚಾರವೆಸಗಿದ ಘೋರಕೃತ್ಯ ನಡೆದುಹೋಯಿತು. ಅಪರಾಧಿಗಳಿಗೆ 2015ರಲ್ಲಿ ಉಡುಪಿಯ ನ್ಯಾಯಾಲಯವು ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ನ್ಯಾಯವು ದೊರಕಿತು ನಿಜ. ಆದರೆ ಈ ಭಾಗದ ತಂದೆತಾಯಂದಿರ ಎದೆಯೊಳಗೆ ಅಂದು ಹೊಕ್ಕ ಅಳುಕು ಇನ್ನೂ ಹೊರಟುಹೋಗಿಲ್ಲ.

ಒಂದು ದಿನ ಕಾರ್ಕಳದ ಕಡೆಯ ಒಬ್ಬ ಗೃಹಸ್ಥರು ನಮ್ಮ ವಿಭಾಗಕ್ಕೆ ಬಂದರು. ಅವರ ಮಗಳು ನನ್ನ ವಿದ್ಯಾರ್ಥಿನಿ, ಓದಿನಲ್ಲಿ ಚುರುಕು. ಸಂಜೆಯ ವಿಶೇಷ ತರಗತಿ ಮುಗಿಸಿ ಬಸ್ಸು ಹಿಡಿದರೆ ಊರು ಮುಟ್ಟುವಾಗ ಕತ್ತಲು. ಅಲ್ಲಿಂದ ಮನೆಗೆ ಅರ್ಧ ಮೈಲಿಯಷ್ಟು ಕಾಲುಹಾದಿ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಗುಡ್ಡ. ಸಂಜೆಯ ತರಗತಿಯನ್ನು ಬಿಡಿಸುವುದೋ, ಓದನ್ನೇ ನಿಲ್ಲಿಸುವುದೋ ಎಂಬ ತೊಳಲಾಟ ಅವರದು. ಅಂಗಿಯ ಕಿಸೆಯಿಂದ ಆ ಪುಟ್ಟ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟು, "ಪೇಟೆಯಿಂದ ತಂದದ್ದು. ಇದು ಬೊಬ್ಬೆ ಹೊಡೆಯುತ್ತದೆ, ಸರಿ. ಆದರೆ ಬೊಬ್ಬೆ ಹೊಡೆದರೆ ಬರುವುದು ಯಾರು, ಮೇಡಮ್?" ಎಂದು ಕೇಳಿದರು.

ಈ ಪ್ರಶ್ನೆಗೆ ಎರಡು ಭಾಗಗಳಿವೆ: ಮೊರೆ ಎಲ್ಲಿಯವರೆಗೆ ಕೇಳಿಸುತ್ತದೆ, ಕೇಳಿಸಿದವರು ಏನು ಮಾಡುತ್ತಾರೆ?

ಮೊದಲನೆಯದಕ್ಕೆ ಪದಾರ್ಥವಿಜ್ಞಾನ ಉತ್ತರ ಕೊಡುತ್ತದೆ. ಇಂಥ ಯಂತ್ರಗಳ ಪೆಟ್ಟಿಗೆಯ ಮೇಲೆ 120, 130, 140 ಡೆಸಿಬೆಲ್ ಎಂದು ಅಚ್ಚುಹಾಕಿರುತ್ತಾರೆ. ನಾವು ಎದುರುಬದುರಾಗಿ ಮಾತನಾಡುವ ಸದ್ದು ಸುಮಾರು 60. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಒಂದು ಮೀಟರಿನಲ್ಲಿ 120 ಇದ್ದದ್ದು ನೂರು ಮೀಟರಿನಲ್ಲಿ 80 ಆಗುತ್ತದೆ. ಮರಗಿಡ, ಗೋಡೆಗಳು ಅಡ್ಡ ಬಂದರೆ ಇನ್ನೂ ಕಡಿಮೆ. ಇನ್ನು ನಮ್ಮ ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಹೊಯ್ಯತೊಡಗಿದರೆ ಪಕ್ಕದ ಕೋಣೆಯ ಮಾತೇ ಕೇಳಿಸದು. ಕಾಪುವಿನ ಕಡಲತೀರದಲ್ಲಿ ಅಲೆಗಳ ಮೊರೆತದ ಮುಂದೆ ಯಾವ ಯಂತ್ರದ ಮೊರೆಯಾದರೂ ಬಹಳ ದೂರ ಹೋಗದು. ಕನ್ನಡದಲ್ಲಿ 'ಕೂಗಳತೆ' ಎಂಬ ಒಂದು ಅಳತೆಯಿದೆ. ಮನೆಗಳು ಒತ್ತಾಗಿರದೆ ಗದ್ದೆತೋಟಗಳ ನಡುವೆ ಚದರಿರುವ ನಮ್ಮ ಸೀಮೆಯಲ್ಲಿ ನೆರೆಯವರು ಎಂದರೆ ಕೂಗಿದರೆ ಕೇಳುವಷ್ಟು ದೂರದಲ್ಲಿರುವವರು ಎಂದೇ ಅರ್ಥ. ಯಂತ್ರವು ಈ ಕೂಗಳತೆಯನ್ನು ಕೊಂಚ ಹಿಗ್ಗಿಸುತ್ತದೆ. ಭಯದಿಂದ ಗಂಟಲು ಕಟ್ಟಿದಾಗ ಗಂಟಲಿನ ಕೆಲಸವನ್ನು ತಾನು ಮಾಡುತ್ತದೆ. ಕೇಡಿಗನನ್ನು ಒಂದು ಕ್ಷಣ ಬೆಚ್ಚಿಸಿ ಓಡಲು ಎಡೆಮಾಡಿಕೊಡಲೂ ಬಹುದು. ಇಷ್ಟು ಉಪಕಾರವೇನೂ ಸಣ್ಣದಲ್ಲ.

ಎರಡನೆಯ ಭಾಗವು ಕಠಿನವಾದುದು. ದ್ರೌಪದಿಯು ಮೊರೆಯಿಟ್ಟದ್ದು ನಿರ್ಜನವಾದ ಅರಣ್ಯದಲ್ಲಲ್ಲ, ತುಂಬಿದ ಸಭೆಯಲ್ಲಿ. ಅಲ್ಲಿದ್ದ ಯಾರಿಗೂ ಕಿವಿ ಮಂದವಾಗಿರಲಿಲ್ಲ. ಕೌರವರಲ್ಲಿ ಎದ್ದು ನಿಂತು ಮಾತನಾಡಿದವನು ವಿಕರ್ಣನೊಬ್ಬ. ಬಹುಜನರಿದ್ದಲ್ಲಿ ಪ್ರತಿಯೊಬ್ಬನೂ 'ಇನ್ನೊಬ್ಬನು ಏಳಲಿ' ಎಂದು ಕಾಯುವ ಈ ಸ್ವಭಾವವನ್ನು 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಯೋಗದಿಂದ ತೋರಿಸಿದರು. ಪಕ್ಕದ ಕೋಣೆಯಲ್ಲಿ ಒಬ್ಬನು ಸಂಕಟಪಡುತ್ತಿರುವ ಧ್ವನಿ ತನಗೊಬ್ಬನಿಗೇ ಕೇಳುತ್ತಿದೆಯೆಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಕೂಡಲೇ ನೆರವಿಗೆ ಎದ್ದರು. ಇತರ ನಾಲ್ವರಿಗೂ ಕೇಳುತ್ತಿದೆಯೆಂದು ತಿಳಿದವರಲ್ಲಿ ಹಾಗೆ ಎದ್ದವರು 31 ಮಂದಿ ಮಾತ್ರ. ಆದರೆ ಇದರಿಂದ ಮನುಷ್ಯನಲ್ಲಿ ನಂಬಿಕೆಯನ್ನೇ ಬಿಡಬೇಕಾಗಿಲ್ಲ. ಇಂಗ್ಲೆಂಡು, ನೆದರ್ಲೆಂಡು, ದಕ್ಷಿಣ ಆಫ್ರಿಕಗಳ ನಗರಬೀದಿಗಳ ಕ್ಯಾಮರಾಗಳಲ್ಲಿ ದಾಖಲಾದ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಒಬ್ಬರಾದರೂ ನಡುವೆ ಬಂದು ತಡೆಯಲೆತ್ನಿಸಿದರೆಂದು ಹೇಳುತ್ತದೆ. ವಿಕರ್ಣರ ಸಂತತಿ ಅಳಿದಿಲ್ಲ. ಅವರನ್ನು ಎಚ್ಚರಿಸುವ ಬಗೆ ತಿಳಿದಿರಬೇಕು.

ವ್ಯಾಕರಣ ಬೋಧಿಸುವವಳಾದ ನನಗೆ ಇಲ್ಲಿ ಸಂಬೋಧನೆಯ ನೆನಪಾಗುತ್ತದೆ. 'ಯಾರಾದರೂ ಬನ್ನಿ' ಎಂದು ಕೂಗಿದರೆ ಅದು ಯಾರಿಗೂ ಹೇಳಿದಂತಾಗುವುದಿಲ್ಲ. 'ನೀಲಿ ಅಂಗಿಯ ಅಣ್ಣಾ, ಇಲ್ಲಿ ಬನ್ನಿ', 'ಅಂಗಡಿಯ ಅಮ್ಮಾ, ಪೋಲೀಸರಿಗೆ ಫೋನು ಮಾಡಿ' ಎಂದರೆ ಆ ಮಾತು ಒಬ್ಬರ ಹೆಗಲ ಮೇಲೆ ಕೈಯಿಟ್ಟಂತೆ. ಯಂತ್ರಕ್ಕೆ ಸಂಬೋಧನೆ ಬಾರದು. ಅದನ್ನು ಎಳೆದ ಬಳಿಕವೂ ಬಾಯಿಯ ಮಾತು ಬೇಕು.

ಸಂಕೇತವು ಕೆಲಸ ಮಾಡುವುದು ಕೇಳುವವರ ಒಪ್ಪಂದದಿಂದ. ನಮ್ಮ ಉಡುಪಿಯ ಬಸ್ಸುಗಳನ್ನೇ ನೋಡಿ. ಕಂಡಕ್ಟರನು ಸೀಟಿ ಊದಿದೊಡನೆ ಚಾಲಕನು ಕಾರಣ ಕೇಳದೆ ಬಸ್ಸನ್ನು ನಿಲ್ಲಿಸುತ್ತಾನೆ. ಲಂಡನ್ನಿನ ಪೋಲೀಸರು 1880ರ ದಶಕದಲ್ಲಿ ಗಿಲಕಿಗಳನ್ನು ಬಿಟ್ಟು ಬರ್ಮಿಂಗ್‌ಹ್ಯಾಮಿನ ಹಡ್ಸನ್ನನ ಸೀಟಿಯನ್ನು ಕೈಗೊಂಡಾಗ, ಅದನ್ನು ಕೇಳಿದ ಇನ್ನೊಬ್ಬ ಪೋಲೀಸನು ಓಡಿಬರಬೇಕೆಂಬುದು ಆ ಸೀಟಿಯ ಅರ್ಥವಾಗಿತ್ತು. ಕಾಪುವಿನ ದೀಪಸ್ತಂಭ 1901ರಿಂದ ನಿಂತಿದೆ. ಅದರ ಬೆಳಕು ಕಾಯುವುದು ಆ ಬೆಳಕಿನ ಅರ್ಥವನ್ನು ಬಲ್ಲ ನಾವಿಕನನ್ನು.

ಇದನ್ನೇ ಆ ಗೃಹಸ್ಥರಿಗೆ ಹೇಳಿದೆ. ಅವರು ಒಂದು ಭಾನುವಾರ ನನ್ನನ್ನು ಮನೆಗೆ ಕರೆದರು. ಹಾದಿಯ ಬದಿಯ ಮೂರು ಮನೆಯವರಿಗೂ ಮೊದಲೇ ತಿಳಿಸಿ, ಮುಸ್ಸಂಜೆಯಲ್ಲಿ ಹುಡುಗಿಯು ಗುಡ್ಡದ ತಿರುವಿನಲ್ಲಿ ನಿಂತು ಪಿನ್ನನ್ನು ಎಳೆದಳು. ಎರಡು ಮನೆಯವರು ಅಂಗಳಕ್ಕೆ ಬಂದರು. ಮೂರನೆಯ ಮನೆಯಲ್ಲಿ ತೋಟದ ಪಂಪಿನ ಸದ್ದಿಗೆ ಏನೂ ಕೇಳಿಸಿರಲಿಲ್ಲ. ಆ ಮನೆಯ ಅಜ್ಜಿ, "ನನಗೂ ಒಂದು ತಂದುಕೊಡಿ ಮಾರಾಯ್ರೆ. ಮಕ್ಕಳು ಮುಂಬೈಯಲ್ಲಿ. ರಾತ್ರಿ ಬಚ್ಚಲಲ್ಲಿ ಬಿದ್ದರೆ ಕರೆಯುವುದು ಯಾರನ್ನು?" ಎಂದರು. ಮೊಮ್ಮಕ್ಕಳ ವಯಸ್ಸಿನವರಿಗೆಂದು ತಂದ ವಸ್ತು ಹೀಗೆ ಅಜ್ಜಿಯ ಕೈಗೂ ಬೇಕಾಯಿತು. ಅಂದು ಅಲ್ಲಿಯೇ ಒಂದು ಒಪ್ಪಂದವಾಯಿತು: ಈ ಸದ್ದು ಕೇಳಿದರೆ ಕೂಡಲೇ ಅಂಗಳದ ದೀಪ ಹಾಕುವುದು, 'ಯಾರದು?' ಎಂದು ಗಟ್ಟಿಯಾಗಿ ಕೂಗುವುದು, ಒಬ್ಬೊಬ್ಬರೇ ಹೋಗದೆ ಇಬ್ಬರು ಕೂಡಿ ಹೋಗುವುದು, ಒಬ್ಬರು 112ಕ್ಕೆ ಕರೆ ಮಾಡುವುದು. ಹುಡುಗಿಯ ಸಂಜೆಯ ತರಗತಿ ಉಳಿಯಿತು.

ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸು ಇವೆಲ್ಲಕ್ಕೂ ಒಂದೇ ಆದ ಈ 112 ಎಂಬ ಸಂಖ್ಯೆಯನ್ನು ಮಕ್ಕಳಿಗೆ ಮಗ್ಗಿಯಂತೆ ಕಲಿಸಬೇಕು. 2016ರ ನಿಯಮದ ಪ್ರಕಾರ, 2017ರಿಂದ ನಮ್ಮ ದೇಶದಲ್ಲಿ ಮಾರುವ ಮೊಬೈಲು ಫೋನುಗಳಲ್ಲಿ ಆಪತ್ತಿನ ಗುಂಡಿ ಇರಬೇಕೆಂದಾಯಿತು. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಸಲ ಒತ್ತುವುದು ಆ ನಿಯಮವು ಹೇಳಿದ ಕ್ರಮ. ಫೋನುಗಳ ಬಗೆ ಬದಲಾದಂತೆ ಕ್ರಮವೂ ಬದಲಾಗಬಹುದಾದುದರಿಂದ ತಮ್ಮ ತಮ್ಮ ಫೋನಿನಲ್ಲಿ ಅದು ಹೇಗಿದೆಯೆಂದು ನೋಡಿಟ್ಟುಕೊಳ್ಳಬೇಕು. ಪುಟ್ಟ ಯಂತ್ರವನ್ನಾದರೂ ಚೀಲದ ತಳದಲ್ಲಿ ಹುಗಿದಿಟ್ಟರೆ ಪ್ರಯೋಜನವಿಲ್ಲ. ಕೈಗೆ ಎಟಕುವಂತಿರಬೇಕು, ತಿಂಗಳಿಗೊಮ್ಮೆ ಎಳೆದು ಪರೀಕ್ಷಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಬ್ಯಾಟರಿಯ ತುದಿಗಳು ಕಿಲುಬು ಹಿಡಿಯುವುದು ಬೇಗ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ನಿಲ್ಲಿಸುವುದು ಸಲ್ಲದು. ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತಲೂ ಹೆಚ್ಚಿನವುಗಳಲ್ಲಿ ಆಪಾದಿತನು ಸಂತ್ರಸ್ತೆಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಗಳು ವರ್ಷವರ್ಷವೂ ತೋರಿಸುತ್ತ ಬಂದಿವೆ. ಗುಡ್ಡದ ತಿರುವಿನ ಅಪರಿಚಿತನಿಗಾಗಿ ಮಾಡಿದ ಯಂತ್ರವು ಮನೆಯ ಜಗಲಿಗೆ ಸಲುಗೆಯಿಂದ ಬಂದು ಕೂರುವವನ ವಿಷಯದಲ್ಲಿ ಏನು ಮಾಡೀತು? ಅಲ್ಲಿ ಹುಡುಗಿಯ ಮೊರೆಯು ಮೆಲುದನಿಯದು. ಅಡುಗೆಮನೆಯಲ್ಲಿ ತಾಯಿಯ ಬಳಿ ಅರ್ಧ ಹೇಳಿ ನಿಲ್ಲಿಸಿದ ಮಾತು ಅದು. ತರಗತಿ ಮುಗಿದ ಮೇಲೆ ಎಲ್ಲರೂ ಹೋಗಲೆಂದು ಕಾದುನಿಂತು 'ಮೇಡಮ್, ಒಂದು ವಿಷಯ' ಎಂದು ತೊಡಗುವ ಮಾತು ಅದು. 'ಸುಮ್ಮನೆ ಹುಯಿಲೆಬ್ಬಿಸಬೇಡ' ಎಂದು ನಾವು ಆಗ ಅವಳ ಬಾಯಿ ಮುಚ್ಚಿಸಿದರೆ, ಮುಂದೆ ಅವಳ ಕೈಗೆ ಎಷ್ಟು ಡೆಸಿಬೆಲ್ಲಿನ ಯಂತ್ರ ಕೊಟ್ಟರೂ ಅವಳು ಅದನ್ನು ಎಳೆಯಲಾರಳು. ಹುಯಿಲಿಗೆ ಪುಯ್ಯಲಿನ ಅರ್ಥವನ್ನು ಮರಳಿ ಕೊಡುವುದು ನಿಘಂಟುಕಾರರಿಂದ ಆಗುವ ಕೆಲಸವಲ್ಲ. ಮೊರೆಯು ಕಿವಿಗೆ ಬಿದ್ದಾಗ ಅಂಗಳಕ್ಕೆ ಇಳಿಯುವವರು ಅದನ್ನು ಮಾಡಬೇಕು.