ಹನೋಯಿಯ ಇನ್ನೂರು ಲಿವರ್‌ಗಳು

ಫೆಬ್ರವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಬಂತೆಂದರೆ ನಮ್ಮ ಚಿಮ್ಮನಚೋಡದ ಕಡೆ ಅಂಗನವಾಡಿ, ಶಾಲೆಗಳಲ್ಲಿ ಹುಳದ ಗುಳಿಗೆ ಹಂಚುತ್ತಾರೆ. ಅಲ್ಬೆಂಡಜೋಲ್, 400 ಮಿಲಿಗ್ರಾಂ. ಒಂದು ದಾಟಿ ಎರಡು ವರ್ಷ ತುಂಬದ ಕೂಸಾದರೆ ಅರ್ಧ. ಅದು ಕೊಲ್ಲುವ ಹುಳುಗಳಲ್ಲಿ ದುಂಡು ಜಂತು ದೊಡ್ಡದು. ಬೆಳೆದದ್ದು ಗೇಣು ಮೀರುತ್ತದೆ, ಹೆಣ್ಣು ಹುಳು ದಿನಕ್ಕೆ ಎರಡು ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಕರುಳಲ್ಲಿರುವ ತನಕ ಹೇಗೋ ನಡೆಯುತ್ತದೆ. ಒಮ್ಮೊಮ್ಮೆ ಅದು ಪಿತ್ತನಾಳದ ಬಾಯಿಗೆ ತಲೆ ತೂರಿಸಿ ಮೇಲಕ್ಕೆ, ಲಿವರ್‌ನೊಳಕ್ಕೇ ಹತ್ತಿಬಿಡುತ್ತದೆ. ಆಗಿನ ನೋವು ಅನುಭವಿಸಿದವರಿಗೇ ಗೊತ್ತು.

ಹೀಗೆ ದಾರಿ ತಪ್ಪಿ ಹತ್ತಿದ ಹುಳುಗಳೇ 1935ರಲ್ಲಿ ಹನೋಯಿಯ ಒಬ್ಬ ವೈದ್ಯ ವಿದ್ಯಾರ್ಥಿಯ ಕಣ್ಣಿಗೆ ಬಿದ್ದವು. ಹೆಸರು ತೋನ್ ಥಾತ್ ತುಂಗ್, ವಿಯೆಟ್ನಾಮಿನ ರಾಜವಂಶದ ಕುಡಿ. ಆಗಿನ್ನೂ ಅಲ್ಲಿ ಫ್ರೆಂಚರ ಆಳ್ವಿಕೆ. ಹೆಣ ಕೊಯ್ಯುವ ಕೋಣೆಯಲ್ಲಿ ಸಿಕ್ಕ ಒಂದು ಲಿವರ್‌ನ ಪಿತ್ತನಾಳಗಳಲ್ಲಿ ಹುಳುಗಳು ತುಂಬಿ ನಾಳಗಳು ಉಬ್ಬಿದ್ದವು. ತುಂಗ್ ಸಾದಾ ಕೆರೆಯುವ ಸಲಾಕೆ ಹಿಡಿದು ಸುತ್ತಲಿನ ಮೆದು ಮಾಂಸ ತೆಗೆಯುತ್ತ ಹೋದರು. ಒಳಗಿನ ನಾಳಗಳ ಕವಲು ಪೂರ್ತಿ ಬಯಲಿಗೆ ಬಂತು. ಅದರ ಚಿತ್ರ ಬರೆದಿಟ್ಟುಕೊಂಡರು. ಆಮೇಲೆ ಇನ್ನೊಂದು, ಮತ್ತೊಂದು. ನಾಲ್ಕು ವರ್ಷದಲ್ಲಿ ಸುಮಾರು ಇನ್ನೂರು ಲಿವರ್ ಆದವು.

ಇದರಲ್ಲೇನು ದೊಡ್ಡಸ್ತಿಕೆ? ಕಟುಕರ ಅಂಗಡಿಯಲ್ಲಿ ಕಲೇಜಿ ಕೊಯ್ಯಿಸಿದವರಿಗೆ ಗೊತ್ತು: ಚಾಕು ಎಲ್ಲಿ ಇಟ್ಟರೂ ಒಂದೇ, ಸಂದಿಲ್ಲ, ಗೆರೆಯಿಲ್ಲ. ಬದುಕಿರುವ ಮನುಷ್ಯನ ಲಿವರ್‌ಗೋ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿದುಬರುತ್ತದೆ. ಎಲ್ಲೋ ಒಂದು ಕಡೆ ಕೊಯ್ದರೆ ರೋಗಿ ಮೇಜಿನ ಮೇಲೇ ಹೋದ. ಸರ್ಜನ್‌ಗಳು ಅಂಜಿದ್ದು ಅದಕ್ಕೇ. ತುಂಗ್ ಕಂಡದ್ದು ಒಳಗಿನ ಗಡಿ. ರಕ್ತನಾಳ, ಪಿತ್ತನಾಳ ಕೂಡಿಯೇ ಕವಲೊಡೆಯುತ್ತವೆ. ಒಂದೊಂದು ಕವಲಿಗೆ ಅದರದೇ ಒಂದು ತುಂಡು ಲಿವರ್. ಹಾಗಿದ್ದರೆ ಆ ಕವಲನ್ನು ಕಟ್ಟಿ ಆ ತುಂಡನ್ನಷ್ಟೇ ತೆಗೆಯಬಹುದು.

1939ರಲ್ಲಿ ಇದೇ ಅವರ ಪ್ರಬಂಧವಾಯಿತು. ಅದೇ ವರ್ಷ ಗುರು ಮೆಯೆರ್-ಮೇ ಜೊತೆ ಸೇರಿ ಒಬ್ಬ ರೋಗಿಯ ಲಿವರ್‌ನ ಕ್ಯಾನ್ಸರ್ ಆಗಿದ್ದ ಎಡಭಾಗವನ್ನು ಈ ಲೆಕ್ಕದ ಮೇಲೇ ತೆಗೆದರು. ರೋಗಿ ಶಸ್ತ್ರಚಿಕಿತ್ಸೆ ದಾಟಿ ಐದು ತಿಂಗಳು ಬದುಕಿದ. ಆದರೆ ವಸಾಹತಿನ ಮೂಲೆಯಿಂದ ಬಂದ ಈ ವರದಿಯ ಬೆನ್ನು ಹತ್ತಿ ಯಾರೂ ಹೋಗಲಿಲ್ಲ. ಆಮೇಲೆ ಫ್ರೆಂಚರ ವಿರುದ್ಧ ಯುದ್ಧ, ಕಾಡು, ಹೋ ಚಿ ಮಿನ್ ಪಾಳೆಯ, ದಿಯೆನ್ ಬಿಯೆನ್ ಫು ಕಾಳಗದ ಗಾಯಾಳುಗಳು. ಲಿವರ್ ಹಿಂದಕ್ಕೆ ಸರಿಯಿತು.

ಅಷ್ಟರಲ್ಲಿ ಪ್ಯಾರಿಸ್ ಮುಂದೆ ಹೋಗಿತ್ತು. 1952ರಲ್ಲಿ ಲೋರ್ತಾ-ಜಾಕೋಬ್, ಲಿವರ್‌ನ ಹೊರಗೇ ನಾಳಗಳನ್ನು ಬಿಡಿಸಿ ಕಟ್ಟಿ ಬಲಭಾಗ ತೆಗೆದರು. ತಾಸುಗಟ್ಟಲೆ ಹಿಡಿಯುವ ಕೆಲಸ. 1957ರಲ್ಲಿ ಕ್ಲೋದ್ ಕ್ವಿನೋ, ನಾಳಗಳಿಗೆ ಪ್ಲಾಸ್ಟಿಕ್ ಎರಕ ಹೊಯ್ದು ನೋಡಿ ಲಿವರನ್ನು ಎಂಟು ಭಾಗ ಮಾಡಿ ಅಂಕಿ ಕೊಟ್ಟರು. ಇವತ್ತು ಕಲಬುರಗಿಯಲ್ಲಿ ಮಾಡಿಸಿದ ಸ್ಕ್ಯಾನ್ ವರದಿಯಲ್ಲಿ ‘ಸೆಗ್ಮೆಂಟ್ 6’ ಎಂದು ಬರೆದಿದ್ದರೆ ಆ ಅಂಕಿ ಕ್ವಿನೋದು. ತುಂಗ್ ಹೆಸರು ಅಲ್ಲಿ ಇಲ್ಲ. ಅಂಕಿ ಹಾಕಿದವನಿಗೆ ಹೆಸರು ದಕ್ಕುವುದು ಹೊಸದೇನಲ್ಲ ಬಿಡಿ.

ಹನೋಯಿಯ ವಿಯೆತ್ ದುಕ್ ಆಸ್ಪತ್ರೆಗೆ ಮರಳಿದ ತುಂಗ್, 1960ರ ದಶಕದ ಮೊದಲಿಗೆ ಬೇರೆಯದೇ ದಾರಿ ಹಿಡಿದರು. ಲಿವರ್‌ಗೆ ರಕ್ತ ತರುವ ಬುಡವನ್ನು ತುಸು ಹೊತ್ತು ಬಿಗಿಹಿಡಿಯುವುದು. ಗಡಿಯ ಗುಂಟ ಬೆರಳಲ್ಲೇ ಮಾಂಸ ಹಿಸುಕುತ್ತ ಹೋಗುವುದು. ಮೆದು ಮಾಂಸ ಒಡೆಯುತ್ತದೆ; ಗಟ್ಟಿ ನಾಳಗಳು ಒಡೆಯದೆ ಬೆರಳಿಗೆ ತಗಲುತ್ತವೆ. ತಗಲಿದ್ದನ್ನು ಅಲ್ಲೇ ಒಳಗೇ ಕಟ್ಟಿ ಕತ್ತರಿಸುವುದು. ತಾಸುಗಳ ಕೆಲಸ ನಿಮಿಷಗಳಿಗೆ ಇಳಿಯಿತು. ರಕ್ತ ನಿಲ್ಲಿಸಿದ ಲಿವರ್ ಬಹಳ ಹೊತ್ತು ತಾಳದು, ಬಡ ದೇಶದ ಆಸ್ಪತ್ರೆಯಲ್ಲಿ ಬಾಟಲಿ ರಕ್ತಕ್ಕೂ ಬರ. ಹಾಗಾಗಿ ಈ ವೇಗವನ್ನು ಕೈಚಳಕದ ಪ್ರದರ್ಶನ ಎನ್ನಲು ನನಗೆ ಮನಸ್ಸು ಬಾರದು. ಮತ್ತೆ, ಆ ಬೆರಳು ಕಣ್ಣು ಕಟ್ಟಿಕೊಂಡು ಹೋದದ್ದಲ್ಲ. ಒಳಗೆ ಯಾವ ನಾಳ ಎಲ್ಲಿ ಎದುರಾಗುತ್ತದೆ ಎಂಬುದನ್ನು ಅದು ಇನ್ನೂರು ಹೆಣಗಳಲ್ಲಿ ಕಲಿತಿತ್ತು.

1963ರ ಜನವರಿಯಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಇದನ್ನು ಅಚ್ಚು ಹಾಕಿತು. ತುಂಗ್ ಯಾರನ್ನು ಓಡಿಸಲು ಕಾಡು ಸೇರಿದ್ದರೋ ಅದೇ ಫ್ರೆಂಚರ ಶಸ್ತ್ರಚಿಕಿತ್ಸಾ ಅಕಾಡೆಮಿ 1977ರಲ್ಲಿ ಅವರಿಗೆ ಲಾನ್ಲಾಂಗ್ ಪದಕ ಕೊಟ್ಟಿತು. 1982ರಲ್ಲಿ ತೀರಿಕೊಂಡರು.

ಹುಳದ ಕತೆ ಅಲ್ಲಿಗೆ ಮುಗಿಯಲಿಲ್ಲ. 1990ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಶ್ರೀನಗರದ ಮೊಹಮ್ಮದ್ ಸುಲ್ತಾನ್ ಖುರೂ ಮತ್ತು ಸಂಗಡಿಗರು ಪಿತ್ತನಾಳ, ಮೇದೋಜೀರಕ ಗ್ರಂಥಿಗಳಿಗೆ ಜಂತು ಕಾಟ ಕೊಟ್ಟ 500 ರೋಗಿಗಳ ವಿವರ ಬರೆದರು. ಹನೋಯಿಯಲ್ಲಿ ಹೆಣ ಕೊಯ್ದು ಕಂಡದ್ದನ್ನು ಇವರು ಅಲ್ಟ್ರಾಸೌಂಡ್ ತೆರೆಯ ಮೇಲೆ, ಬದುಕಿರುವವರಲ್ಲೇ ನೋಡಿದ್ದರು. ಎಷ್ಟೋ ಜನರಲ್ಲಿ ಹುಳು ತಾನಾಗಿ ಕರುಳಿಗೆ ಇಳಿದುಹೋಗಿತ್ತು. ಹಟ ಹಿಡಿದು ಕೂತದ್ದನ್ನು ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಎಳೆದು ತೆಗೆದಿದ್ದರು.