ಕ್ರೆಡಿಟ್ ಕಾರ್ಡ್ ಶುಲ್ಕ: ದಂಡವೋ, ಲಾಭವೋ?

ತಪ್ಪು ಕಲ್ಪನೆ: 'ಲೈಫ್‌ಟೈಮ್ ಫ್ರೀ' ಕಾರ್ಡಿಗೆ ಖರ್ಚೇ ಇಲ್ಲ.

ಸತ್ಯ: ಮಾಲ್‌ನಲ್ಲಿ ಅಡ್ಡಗಟ್ಟಿ ಕಾರ್ಡ್ ಮಾರುವವರು ಫ್ರೀ ಎನ್ನುವುದು ವಾರ್ಷಿಕ ಶುಲ್ಕವನ್ನಷ್ಟೇ. ಬಡ್ಡಿ, ಲೇಟ್ ಫೀ, ಎಟಿಎಂನಲ್ಲಿ ನಗದು ತೆಗೆದರೆ ಬೀಳುವ ಶುಲ್ಕ ಎಲ್ಲವೂ ಹಾಗೇ ಇರುತ್ತವೆ.

ತಪ್ಪು ಕಲ್ಪನೆ: ಕಟ್ಟಿದ ಶುಲ್ಕಕ್ಕಿಂತ ಹೆಚ್ಚು ಕ್ಯಾಶ್‌ಬ್ಯಾಕ್ ಬಂದರೆ ಲಾಭ.

ಸತ್ಯ: ಲೆಕ್ಕ ತಪ್ಪುವುದೇ ಇಲ್ಲಿ. 1,000 ರೂಪಾಯಿ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಸೇರಿ ನೀವು ಕಟ್ಟುವುದು 1,180. ಈ ಕಾರ್ಡ್ ಆನ್‌ಲೈನ್ ಖರೀದಿಗೆ ಶೇ. 5 ಕೊಡುತ್ತದೆ, ಶುಲ್ಕವಿಲ್ಲದ ಇನ್ನೊಂದು ಕಾರ್ಡ್ ಶೇ. 1 ಕೊಡುತ್ತದೆ ಎಂದುಕೊಳ್ಳಿ. ಶುಲ್ಕ ಕೊಟ್ಟು ನೀವು ಕೊಂಡದ್ದು ನಡುವಿನ ಶೇ. 4 ಮಾತ್ರ. ವರ್ಷಕ್ಕೆ 29,500 ರೂಪಾಯಿಯ ಆನ್‌ಲೈನ್ ಖರೀದಿ ಆದಾಗ ಶುಲ್ಕ ಹುಟ್ಟುತ್ತದೆ. ಲಾಭ ಶುರುವಾಗುವುದು ಅದರಾಚೆ. ವ್ಯತ್ಯಾಸ ಶೇ. 1 ಇದ್ದರೆ 1,18,000 ಬೇಕು. ಮನೆ ಬಾಡಿಗೆ, ಪೆಟ್ರೋಲ್, ವಾಲೆಟ್‌ಗೆ ಹಾಕಿದ ಹಣಕ್ಕೆ ಹಲವು ಕಾರ್ಡುಗಳು ಏನೂ ಕೊಡುವುದಿಲ್ಲ. ಕ್ಯಾಶ್‌ಬ್ಯಾಕಿಗೆ ತಿಂಗಳ ಮಿತಿಯೂ ಇರುತ್ತದೆ. ಏರ್‌ಪೋರ್ಟ್ ಲೌಂಜ್ ಸೌಲಭ್ಯವಂತೂ ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರಿಗೆ ಸೊನ್ನೆ.

ತಪ್ಪು ಕಲ್ಪನೆ: ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ, ಹಾಗಾಗಿ ಗುರಿ ಮುಟ್ಟಲೇಬೇಕು.

ಸತ್ಯ: ಗುರಿಗೆ 8,000 ಕಡಿಮೆ ಬಿತ್ತೆಂದು ಬೇಡದ ಮಿಕ್ಸಿ ತಂದು 1,180 ಉಳಿಸಿದವರು ಇದ್ದಾರೆ. ಬ್ಯಾಂಕಿಗೆ ಬೇಕಾದ್ದೂ ಅದೇ.

ತಪ್ಪು ಕಲ್ಪನೆ: 'ಮಿನಿಮಮ್ ಡ್ಯೂ' ಕಟ್ಟಿದರೆ ಬಡ್ಡಿ ಬೀಳುವುದಿಲ್ಲ.

ಸತ್ಯ: ಬೀಳದಿರುವುದು ಲೇಟ್ ಫೀ ಅಷ್ಟೇ. 40,000 ರೂಪಾಯಿ ಬಿಲ್ಲಿನಲ್ಲಿ 2,000 ಕಟ್ಟಿ 38,000 ಉಳಿಸಿಕೊಂಡರೆ, ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,330. ಜಿಎಸ್‌ಟಿ ಸೇರಿ ಸುಮಾರು 1,570. ವರ್ಷದ ಶುಲ್ಕವನ್ನು ಒಂದೇ ತಿಂಗಳು ನುಂಗಿತು! ಬಾಕಿ ತೀರುವವರೆಗೆ ಹೊಸ ಖರೀದಿಗೂ ಖರೀದಿಸಿದ ದಿನದಿಂದಲೇ ಬಡ್ಡಿ. ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ. 30 ಮೀರಿದ ಬಡ್ಡಿ ಸಲ್ಲದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಆದ್ದರಿಂದ ಬಿಲ್ಲನ್ನು ಪೂರ್ತಿ ಕಟ್ಟುವ ಅಭ್ಯಾಸವಿಲ್ಲದವರಿಗೆ ಯಾವ ಕಾರ್ಡೂ ಅಗ್ಗವಲ್ಲ, ಶುಲ್ಕವಿರಲಿ ಬಿಡಲಿ.

ತಪ್ಪು ಕಲ್ಪನೆ: ಬೀರುವಿನಲ್ಲಿಟ್ಟ ಕಾರ್ಡಿಗೆ ಶುಲ್ಕವಿಲ್ಲ, ಬೇಡವೆಂದರೂ ಬ್ಯಾಂಕ್ ಅದನ್ನು ಮುಚ್ಚುವುದಿಲ್ಲ.

ಸತ್ಯ: ವಾರ್ಷಿಕ ಶುಲ್ಕದ ಕಾರ್ಡಾದರೆ ಉಜ್ಜದಿದ್ದರೂ ಬಿಲ್ಲು ಬರುತ್ತದೆ. ಲೆಕ್ಕ ಕೂಡದಿದ್ದರೆ ಬಾಕಿ ತೀರಿಸಿ, ಮುಚ್ಚಲು ಕೋರಿಕೆ ಸಲ್ಲಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಏಳು ಕೆಲಸದ ದಿನಗಳಲ್ಲಿ ಕಾರ್ಡ್ ಮುಚ್ಚಬೇಕು. ತಡವಾದರೆ, ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ದಂಡವನ್ನು ಬ್ಯಾಂಕ್ ನಿಮಗೇ ಕೊಡಬೇಕು.