ಪೆಂಗ್ವಿನ್: ಉತ್ತರದ ಹಕ್ಕಿಯ ಹೆಸರು ದಕ್ಷಿಣಕ್ಕೆ

ಪೆಂಗ್ವಿನ್ ಎಂಬ ಹೆಸರು ಮೊದಲು ಸೇರಿದ್ದು ಅಂಟಾರ್ಕ್ಟಿಕಾದ ಹಕ್ಕಿಗಲ್ಲ, ಉತ್ತರ ಅಟ್ಲಾಂಟಿಕ್‌ನ ಗ್ರೇಟ್ ಆಕ್‌ಗೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುಮಾರು 80 ಸೆಂಟಿಮೀಟರ್ ಎತ್ತರ, ಹಾರಲಾರದ ಪುಟ್ಟ ರೆಕ್ಕೆ. ಫ್ರಾನ್ಸಿಸ್ ಡ್ರೇಕ್‌ನ ನಾವಿಕರು 1578ರಲ್ಲಿ ಮೆಗೆಲನ್ ಜಲಸಂಧಿಯಲ್ಲಿ ಇದನ್ನೇ ಹೋಲುವ ಹಕ್ಕಿಗಳನ್ನು ಕಂಡರು. ಅವಕ್ಕೂ ಅದೇ ಹೆಸರು ಅಂಟಿತು. ಎರಡಕ್ಕೂ ಹತ್ತಿರದ ನಂಟಿಲ್ಲ.

ಹೆಸರಿನ ಮೂಲ ವೆಲ್ಷ್ ಎಂಬ ಮಾತು ಹಳೆಯದು. ವೇಲ್ಸ್‌ನ ಭಾಷೆಯಲ್ಲಿ ‘ಪೆನ್’ ಎಂದರೆ ತಲೆ. ಬೆಟ್ಟದ ನೆತ್ತಿಗೂ ಕಡಲಿಗೆ ಚಾಚಿದ ಭೂಶಿರಕ್ಕೂ ಅದೇ ಪದ. ದಕ್ಷಿಣ ವೇಲ್ಸ್‌ನ ಅತಿ ಎತ್ತರದ ಶಿಖರ ಪೆನ್ ಅ ವಾನ್‌ನಲ್ಲಿರುವುದೂ ಇದೇ ‘ಪೆನ್’. ‘ಗ್ವಿನ್’ ಎಂದರೆ ಬಿಳಿ; ಧನ್ಯ, ಪಾವನ ಎಂಬ ಅರ್ಥವೂ ಅದಕ್ಕುಂಟು. ಎರಡೂ ಸೇರಿದರೆ ‘ಬಿಳಿ ತಲೆ’. ತೊಡಕು ಇಲ್ಲೇ: ಗ್ರೇಟ್ ಆಕ್‌ನ ತಲೆ ಕಪ್ಪು. ಬೇಸಿಗೆಯಲ್ಲಿ ಕಣ್ಣಿನ ಮುಂದೆ ಒಂದು ದೊಡ್ಡ ಬಿಳಿ ಮಚ್ಚೆ ಮಾತ್ರ ಎದ್ದು ಕಾಣುತ್ತಿತ್ತು. ಹಾಗಾಗಿ ಕೆಲವರು ಹೆಸರು ಬಂದದ್ದು ಹಕ್ಕಿಯ ತಲೆಯಿಂದಲ್ಲ, ಅದು ಗೂಡು ಕಟ್ಟುತ್ತಿದ್ದ ಬೆಳ್ಳನೆಯ ಭೂಶಿರದಿಂದ ಎನ್ನುತ್ತಾರೆ. ಕೊಬ್ಬಿದ್ದು ಎಂಬ ಅರ್ಥದ ಲ್ಯಾಟಿನ್‌ನ ‘ಪಿಂಗ್ವಿಸ್’ ಮೂಲ ಎನ್ನುವವರೂ ಇದ್ದಾರೆ. ನನಗೆ ಭೂಶಿರದ ವಾದವೇ ಹೆಚ್ಚು ಸರಿಯೆನಿಸುತ್ತದೆ. ದಡ ಹುಡುಕುವ ನಾವಿಕನ ಕಣ್ಣಿಗೆ ಹಕ್ಕಿಗಿಂತ ಮೊದಲು ಬೀಳುವುದು ನೆಲವೇ.

‘ಪೆನ್’, ‘ಗ್ವಿನ್’ ಎಂಬ ಈ ಎರಡು ವೆಲ್ಷ್ ಪದಗಳ ಮೇಲೆ ಸಾಮ್ರಾಜ್ಯದ ಕಣ್ಣೂ ಬಿತ್ತು. ವೇಲ್ಸ್‌ನ ರಾಜಕುಮಾರ ಮಾಡೊಗ್ 1170ರ ಹೊತ್ತಿಗೇ ಅಮೆರಿಕ ಮುಟ್ಟಿದ್ದನೆಂಬ ಐತಿಹ್ಯವಿತ್ತು. 1583ರಲ್ಲಿ ಇಂಗ್ಲೆಂಡಿನ ಜಾರ್ಜ್ ಪೆಕ್‌ಹ್ಯಾಮ್ ಅದಕ್ಕೆ ಸಾಕ್ಷಿಯಾಗಿ ಈ ಹೆಸರನ್ನೇ ಮುಂದಿಟ್ಟ: ಅಲ್ಲಿನ ಹಕ್ಕಿಗೆ ವೆಲ್ಷ್ ಹೆಸರಿದ್ದರೆ ನಮ್ಮವರು ಕೊಲಂಬಸ್‌ಗಿಂತ ಮೊದಲೇ ಹೋಗಿದ್ದರು, ಆ ನೆಲ ಸ್ಪೇನಿನದಲ್ಲ, ಎಲಿಜಬೆತ್ ರಾಣಿಯದು. ಹಕ್ಕಿಯ ಹೆಸರನ್ನು ನೆಲದ ಹಕ್ಕುಪತ್ರವಾಗಿಸುವ ಈ ಧೈರ್ಯ ನನ್ನನ್ನು ಬೆರಗುಗೊಳಿಸುತ್ತದೆ. ಮಾಡೊಗ್‌ನ ಯಾನಕ್ಕೆ ಪುರಾವೆ ಇಂದಿಗೂ ಇಲ್ಲ.

ಹಕ್ಕಿಗೆ ಮಾತ್ರ ಉಳಿಗಾಲವಿರಲಿಲ್ಲ. ನ್ಯೂಫೌಂಡ್‌ಲ್ಯಾಂಡ್ ಬಳಿಯ ಫಂಕ್ ದ್ವೀಪದಲ್ಲಿ ಮಾಂಸಕ್ಕಾಗಿ, ಆಮೇಲೆ ಹಾಸಿಗೆಗೆ ತುಂಬುವ ಗರಿಗಾಗಿ ಅವುಗಳನ್ನು ಕೊಂದರು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜೀವಿ ಅದನ್ನು ತಡೆದುಕೊಳ್ಳಲಿಲ್ಲ. ಅಪರೂಪವಾದಷ್ಟೂ ಸಂಗ್ರಾಹಕರು ಕೊಡುವ ಬೆಲೆ ಏರಿತು. 1844ರ ಜೂನ್‌ನಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡೇ ದ್ವೀಪದಲ್ಲಿ, ಮೊಟ್ಟೆಗೆ ಕಾವು ಕೊಡುತ್ತಿದ್ದ ಜೋಡಿಯೊಂದನ್ನು ಕತ್ತು ಹಿಸುಕಿ ಕೊಂದರು. ಅಲ್ಲಿಗೆ ಆ ಕುಲ ಬಹುಮಟ್ಟಿಗೆ ಮುಗಿಯಿತು.

ಗ್ರೇಟ್ ಆಕ್‌ನ ವೈಜ್ಞಾನಿಕ ಹೆಸರು ಇಂದಿಗೂ ‘ಪಿಂಗ್ವಿನಸ್’ ಎಂದೇ ಆರಂಭವಾಗುತ್ತದೆ. ಫ್ರೆಂಚರೂ ‘ಪ್ಯಾಂಗ್ವ್ಯಾಂ’ ಎಂಬ ಹೆಸರನ್ನು ಆಕ್ ಕುಲಕ್ಕೇ ಉಳಿಸಿಕೊಂಡು, ದಕ್ಷಿಣದ ಹಕ್ಕಿಯನ್ನು ‘ಮಾಂಶೊ’ ಎನ್ನುತ್ತಾರೆ. ವೆಲ್ಷ್‌ನಲ್ಲೇ ಮಾತು ತಿರುವುಮುರುವು: ಅಲ್ಲಿ ಗ್ರೇಟ್ ಆಕ್ ‘ಕಾರ್ವಿಲ್ ಮೌರ್’, ‘ಪೆಂಗ್ವಿನ್’ ಎಂದರೆ ಅಂಟಾರ್ಕ್ಟಿಕಾದ ಹಕ್ಕಿ.